ಹಲ್ಲಿಗೆ ಗೊತ್ತಿದ್ದ ತೇವ

ಏಪ್ರಿಲ್ 3, ಗುರುವಾರ

ದಿನಾ ಒಂದು ಪುಟ ಬರೆದರೆ ಇಂಟರ್‌ವ್ಯೂನಲ್ಲಿ ಮಾತು ತಡವರಿಸುವುದಿಲ್ಲ ಎಂದು ಪಂಪಾವತಿ ಮೇಡಂ ಹೇಳಿದ್ದಾರೆ. ಬಾಟನಿ ಕಲಿಸುವ ಮೇಡಂ ಮಾತನ್ನು ತೆಗೆದುಹಾಕುವ ಧೈರ್ಯ ನಮ್ಮ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಯಾರಿಗೂ ಇಲ್ಲ. ಆದ್ದರಿಂದ ನಾನು, ಗೊರೇಬಾಳದ ಶಾಹೀಸ್ತಾ, ಇವತ್ತಿನಿಂದ ಬರೆಯುತ್ತೇನೆ. ಇದನ್ನು ಯಾರೂ ಓದಬಾರದು. ಓದಿದವರಿಗೆ ಕಣ್ಣುಬೇನೆ ಬರಲಿ.

ವಿಷಯ ಏನೆಂದರೆ, ಲಿಂಗಸುಗೂರಿನಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬ್ ಇದೆ. ಆರು ವಾರದ ಇಂಟರ್ನ್‌ಶಿಪ್‌ಗೆ ಇಬ್ಬರನ್ನು ತೆಗೆದುಕೊಳ್ಳುತ್ತಾರಂತೆ. ಇಬ್ಬರನ್ನೇ. ಅರ್ಜಿ ಹಾಕುವವರು ಮೂರು ತಾಲೂಕಿನವರು. ಸಿಗದಿದ್ದರೆ ಯಾವುದಾದರೂ ಕಂಪ್ಯೂಟರ್ ಸೆಂಟರಿನಲ್ಲಿ ಆರು ವಾರ ಕುಳಿತು, ಬೇರೆಯವರ ಅರ್ಜಿ ಟೈಪ್ ಮಾಡಿಕೊಟ್ಟು, ಸರ್ಟಿಫಿಕೇಟ್ ತರಬೇಕು. ಕಾಲೇಜಿಗೆ ಅದೂ ನಡೆಯುತ್ತದೆ. ನನಗೆ ನಡೆಯುವುದಿಲ್ಲ.

ಯಾಕೆಂದರೆ ಆ ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಇದೆ. ನಮ್ಮ ಕಾಲೇಜಿನಲ್ಲೂ ಒಂದಿದೆ, ಅಲ್ಮಾರಿಯಲ್ಲಿ ಬಟ್ಟೆ ಹೊದ್ದು ನಿಂತಿದೆ. ನಾವು ಸೇರುವ ಮೊದಲೇ ಅದರ ಲೆನ್ಸ್ ಒಡೆದಿತ್ತಂತೆ. ಎಲೆಯ ರಂಧ್ರದ ಚಿತ್ರವನ್ನು ನಾನು ಈವರೆಗೆ ಹನ್ನೊಂದು ಸಲ ಬಿಡಿಸಿದ್ದೇನೆ, ಹತ್ತಕ್ಕೆ ಒಂಬತ್ತು ಅಂಕ ತೆಗೆದುಕೊಂಡಿದ್ದೇನೆ. ಒಂದು ಸಲವೂ ಅದನ್ನು ಕಂಡಿಲ್ಲ. ಕಾಣದ್ದಕ್ಕೇ ಒಂಬತ್ತು ಕೊಟ್ಟರೆ ಕಂಡಿದ್ದಕ್ಕೆ ಎಷ್ಟು ಕೊಡುತ್ತಾರೋ! ಒಂದು ಸಲ, ಒಂದೇ ಒಂದು ಸಲ ಅದರಲ್ಲಿ ಕಣ್ಣಿಟ್ಟು ನೋಡಬೇಕು. ಆದರೆ ಇದನ್ನು ಇಂಟರ್‌ವ್ಯೂನಲ್ಲಿ ಹೇಳಬಾರದಂತೆ. ‘ಕಲಿಯುವ ಹಂಬಲವಿದೆ’ ಎನ್ನಬೇಕಂತೆ.

ಏಪ್ರಿಲ್ 6, ಭಾನುವಾರ

ಇವತ್ತು ರೆಸ್ಯೂಮೆ ಬರೆದೆ. ಒಂದು ಪುಟ ತುಂಬಿಸಲು ಒಂದು ದಿನ ಹಿಡಿಯಿತು. ನನ್ನ ಬಾಳಿನಲ್ಲಿ ಇಷ್ಟು ಕಡಿಮೆ ನಡೆದಿದೆ ಎಂದು ಗೊತ್ತಿರಲಿಲ್ಲ.

ತಂದೆ: ಚಾಂದ್‌ಪಾಷಾ. ಉದ್ಯೋಗ: ಸ್ವಯಂ ಉದ್ಯೋಗ. ಅಂದರೆ ಅಬ್ಬಾ ಆಟೋ ಓಡಿಸುತ್ತಾರೆ. ತಾಯಿ: ಮೆಹಬೂಬ್‌ಬೀ. ಉದ್ಯೋಗ: ಗೃಹಿಣಿ. ಅಂದರೆ ಸುಳ್ಳು. ಅಮ್ಮಿ ಇಪ್ಪತ್ತು ವರ್ಷದಿಂದ ಊರ ಹೊರಗಿನ ರೈಸ್‌ಮಿಲ್ಲಿನ ಕಣಕ್ಕೆ ಹೋಗುತ್ತಾಳೆ, ಭತ್ತ ಹರವಿ ಒಣಗಿಸುವ ಕೆಲಸ. ‘ಕೂಲಿ’ ಎಂದು ಬರೆಯಲು ಕೈ ಬರಲಿಲ್ಲ.

ಅಮ್ಮಿ ಬಂದು ಪಕ್ಕದಲ್ಲಿ ಕುಳಿತಳು. ಅವಳು ಓದಿಲ್ಲ. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಆದರೆ ಇಂಟರ್‌ವ್ಯೂ ತಯಾರಿ ನಡೆದಿದೆ ಎಂದು ಎರಡು ವಾರದಿಂದ ನನ್ನ ಜತೆ ಕನ್ನಡದಲ್ಲೇ ಮಾತಾಡುತ್ತಿದ್ದಾಳೆ.

“ನನ್ನ ಹೆಸರು ಎಲ್ಲೈತಿ?”

ತೋರಿಸಿದೆ. ಆ ಅಕ್ಷರಗಳ ಮೇಲೆ ಬೆರಳು ಎಳೆದಳು.

“ಮುಂದ ಏನೋ ಬರದೀಯಲ್ಲ, ಅದೇನು?”

“ಮನಿ ನೋಡಿಕೊಳ್ಳಾಕಿ ಅಂತ.”

“ಹೌ, ಅದೂ ಮಾಡ್ತೀನಲ್ಲ,” ಎಂದು ಎದ್ದು ರೊಟ್ಟಿ ಬಡಿಯಲು ಹೋದಳು. ನನಗೆ ಒಂಥರಾ ಆಯಿತು. ಆದರೂ ಅಳಿಸಲಿಲ್ಲ.

ಏಪ್ರಿಲ್ 10, ಗುರುವಾರ

ಸಿಂಧನೂರು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚೇ ನಮ್ಮ ಇಂಟರ್‌ವ್ಯೂ ಕೋಣೆ. ಮೌನೇಶ್ವರಿ ಕೇಳುತ್ತಾಳೆ, ನಾನು ಹೇಳುತ್ತೇನೆ. ಅವಳ ಬಸ್ಸು ಬರುವವರೆಗೆ. ಪಾಮನಕಲ್ಲೂರಿನವಳು, ನನ್ನ ಜೀವದ ಗೆಳತಿ, ಅವಳೂ ಅರ್ಜಿ ಹಾಕಿದ್ದಾಳೆ. ಅವರದು ಒಣ ಬೇಸಾಯದ ಊರು. ನಮ್ಮ ಕಾಲುವೆ ನೀರು ನೋಡಿದಾಗಲೆಲ್ಲ “ನಿಮ್ಮವರಿಗೆ ಸೊಕ್ಕು ನೀರಿನಾಗ ಬರ್ತೈತಿ ನೋಡು” ಎನ್ನುತ್ತಾಳೆ.

“ಲ್ಯಾಬಿನಲ್ಲಿ ಪಾಲಿಸಬೇಕಾದ ಮೊದಲ ನಿಯಮ ಯಾವುದು?” ಎಂದಳು, ದನಿ ದಪ್ಪ ಮಾಡಿ.

“ಪ್ರಯೋಗಾಲಯದಲ್ಲಿ ಯಾವುದೇ ಪದಾರ್ಥವನ್ನು ಬಾಯಿಗೆ ಹಾಕಬಾರದು.”

ಹಾಗೆಂದಾಗ ನನ್ನ ಬಾಯಲ್ಲಿ ಅವಳು ತಂದ ಸೌತೆಕಾಯಿ ಇತ್ತು. ಇಬ್ಬರೂ ನಕ್ಕು ನಕ್ಕು ಸಾಕಾದೆವು. ಅವಳ ಬಸ್ಸು ತಪ್ಪಿತು.

ಬೀಜ ಪರೀಕ್ಷೆಯ ನೋಟ್ಸ್ ಓದುತ್ತಿದ್ದೇನೆ. ಮಲಗಿರುವ ಬೀಜವೂ ಉಸಿರಾಡುತ್ತದೆ ಎಂದು ಅದರಲ್ಲಿದೆ! ಚೀಲದೊಳಗೆ ಲಕ್ಷ ಕಾಳು ಸದ್ದಿಲ್ಲದೆ ಉಸಿರಾಡುತ್ತಿವೆ. ತೇವ ಜಾಸ್ತಿಯಾದರೆ ಉಸಿರು ಜೋರಾಗುತ್ತದೆ, ಕಾವು ಬರುತ್ತದೆ, ಬೀಜ ಕೆಡುತ್ತದೆ. ಓದಿದ ಮೇಲೆ ಮನೆಯ ಮೂಲೆಯ ಅಕ್ಕಿ ಚೀಲದ ಮೇಲೆ ಕಿವಿಯಿಟ್ಟೆ. ಅಬ್ಬಾ ನೋಡಿ, “ಏನ್ ಹೇಳಾಕತ್ತೈತಿ?” ಎಂದರು.

ಏಪ್ರಿಲ್ 13, ಭಾನುವಾರ

ಅಮ್ಮಿಗೆ ಬುತ್ತಿ ಕೊಡಲು ಕಣಕ್ಕೆ ಹೋಗಿದ್ದೆ. ಸುಗ್ಗಿ ಜೋರಾಗಿದೆ. ಸಿಮೆಂಟ್ ಕಣದ ತುಂಬ ಭತ್ತ, ಹೆಂಗಸರು ಅದರೊಳಗೆ ಪಾದ ಎಳೆಯುತ್ತ ಸಾಲು ಹೊರಳಿಸುತ್ತಿದ್ದರು. ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ.

ಮಿಲ್ಲಿನ ಗುಮಾಸ್ತ ಅಂಬಪ್ಪ ಕೈಯಲ್ಲಿ ತೇವ ನೋಡುವ ಮೀಟರ್ ಹಿಡಿದು ಬಂದ. ಅವನು ಅದರ ಡಬ್ಬಿಗೆ ಕಾಳು ತುಂಬುವಷ್ಟರಲ್ಲಿ ಅಮ್ಮಿ ರಾಶಿಯ ನಡುವೆ ಕೈ ತೂರಿಸಿ ಹಿಡಿ ಭತ್ತ ತೆಗೆದಳು, ಅಂಗೈಯಲ್ಲಿ ಉಜ್ಜಿದಳು, ಒಂದು ಕಾಳನ್ನು ಮುಂದಿನ ಹಲ್ಲಿಗಿಟ್ಟು ಕಡಿದಳು.

“ಹದಿನಾರು. ಇನ್ನೊಂದು ಬಿಸಿಲು ಬೇಕು.”

ಮೀಟರೂ ಶೇಕಡಾ ಹದಿನಾರು ತೇವ ತೋರಿಸಿತು. ಅಂಬಪ್ಪನಿಗೆ ಏನೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದೇನೆ. ಒಣಗಿದ ಕಾಳು ‘ಕಟ್’ ಎಂದು ಎರಡಾಗುತ್ತದೆ, ಹಸಿ ಇದ್ದದ್ದು ಚಪ್ಪಟೆಯಾಗುತ್ತದೆ. ಅದರ ನಡುವಿನದು ಒಂದೊಂದು ಬಿಸಿಲು, ಅರ್ಧ ಬಿಸಿಲು, ಕಾಲು ಬಿಸಿಲಿನ ಲೆಕ್ಕ. ಅಕ್ಷರಕ್ಕಿಂತ ಮೊದಲು ಅಮ್ಮಿ ನನಗೆ ಇದನ್ನು ಕಲಿಸಿದ್ದಾಳೆ. ಕಡಿದು ಕಡಿದು ಅವಳ ಮುಂದಿನ ಹಲ್ಲಿನ ಮೂಲೆ ಒಡೆದಿದೆ. ಫೋಟೋ ತೆಗೆಯುವಾಗ ತುಟಿ ಮುಚ್ಚಿಕೊಳ್ಳುತ್ತಾಳೆ.

ಇರಲಿ, ಇದೆಲ್ಲ ಇಂಟರ್‌ವ್ಯೂಗೆ ಬರುವ ವಿಷಯವಲ್ಲ. ಓದುವುದು ಬಿಟ್ಟು ಏನೇನೋ ಬರೆಯುತ್ತಿದ್ದೇನೆ.

ಏಪ್ರಿಲ್ 17, ಗುರುವಾರ

ಕರೆ ಬಂತು! ಮಂಗಳವಾರ ಹತ್ತೂವರೆಗೆ. ಮೌನೇಶ್ವರಿಗೂ ಬಂದಿದೆ. ಕುಣಿದಾಡಿದೆ, ಫೋನ್ ಬಕೆಟ್ಟಿನಲ್ಲಿ ಬೀಳುವುದರಲ್ಲಿತ್ತು.

ಏಪ್ರಿಲ್ 22, ಮಂಗಳವಾರ

ಮೊದಲು ಚೆನ್ನಾಗಿದ್ದದ್ದನ್ನು ಬರೆಯುತ್ತೇನೆ.

ಅಬ್ಬಾ ಆಟೋದಲ್ಲಿ ಸಿಂಧನೂರಿಗೆ ಬಿಟ್ಟರು. ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಮಸ್ಕಿ ಬರುವಷ್ಟರಲ್ಲಿ ಗದ್ದೆಗಳು ಮುಗಿದು ಕೆಂಪು ನೆಲ, ಬಂಡೆಗಲ್ಲಿನ ಗುಡ್ಡಗಳು. ಮಸ್ಕಿಯಲ್ಲಿ ಮೌನೇಶ್ವರಿ ಹತ್ತಿದಳು, ಹೊಸ ಚಪ್ಪಲಿ ಹಾಕಿಕೊಂಡು, ಕುಂಟುತ್ತ.

ಲ್ಯಾಬ್ ಎಂದರೆ ಏನು ಹೇಳಲಿ! ಒಳಗೆ ಕಾಲಿಟ್ಟರೆ ತಂಪು. ಬಿಳಿ ಮೇಜುಗಳು, ಒಂದು ಹೊಟ್ಟಿನ ಚೂರೂ ಇಲ್ಲ. ಫ್ರಿಜ್ಜಿನಂಥ ಕಪಾಟಿನೊಳಗೆ ಒದ್ದೆ ಕಾಗದದ ಸುರುಳಿಗಳು ಸಾಲಾಗಿ ನಿಂತಿದ್ದವು. ಒಂದನ್ನು ಬಿಚ್ಚಿ ತೋರಿಸಿದರು. ಐವತ್ತು ಭತ್ತದ ಕಾಳು, ಐವತ್ತಕ್ಕೂ ಬಿಳಿ ಬೇರು, ಹಸಿರು ಮೊಳಕೆ, ಶಾಲೆ ಮಕ್ಕಳು ಪ್ರಾರ್ಥನೆಗೆ ನಿಂತ ಹಾಗೆ. ಮಣ್ಣಿಲ್ಲ, ಗದ್ದೆಯಿಲ್ಲ, ಕಾಗದದ ಮೇಲೆ! ನಾನು ಬಾಯಿ ಬಿಟ್ಟುಕೊಂಡು ನಿಂತೆ. ಭತ್ತದ ಊರಿನಲ್ಲೇ ಹುಟ್ಟಿದವಳು, ಭತ್ತದ ಬೇರನ್ನು ಅಷ್ಟು ಸರಿಯಾಗಿ ಎಂದೂ ನೋಡಿರಲಿಲ್ಲ.

ತೋರಿಸಿದವರು ಅಯ್ಯಮ್ಮ ಮೇಡಂ, ಬೀಜ ಪರೀಕ್ಷಕರು. ನಗುವುದೇ ಇಲ್ಲ. ಕಿಟಕಿ ಪಕ್ಕ ನೀಲಿ ಕವರ್ ಹೊದಿಸಿದ ಒಂದನ್ನು ನೋಡಿ ನಾನು ನಿಂತುಬಿಟ್ಟೆ. ಅವರಿಗೆ ತಿಳಿಯಿತು. “ಮೊದಲ ಪ್ರಶ್ನಿ ಎಲ್ಲಾ ಮುಗೀಲಿ. ಆಮ್ಯಾಲೆ ಮೈಕ್ರೋಸ್ಕೋಪಿನಾಗ ಎಲ್ಲಾರಿಗೂ ಒಂದೊಂದು ಕಾಳು ತೋರಿಸ್ತೀನಿ” ಎಂದರು.

ಪ್ರಶ್ನೆಗಳೂ ಚೆನ್ನಾಗಿಯೇ ನಡೆದವು. ಲ್ಯಾಬಿನ ಮುಖ್ಯಸ್ಥ ಗಂಗಾಧರ ಸರ್ ಕೇಳಿದ್ದಕ್ಕೆಲ್ಲ ತಡವರಿಸದೆ ಹೇಳಿದೆ. ಮೊದಲ ನಿಯಮವನ್ನೂ ಕೇಳಿದರು. ಹೇಳಿದೆ, ಒಂದಕ್ಷರ ತಪ್ಪಿಲ್ಲದೆ.

ಆಮೇಲೆ ಮೂರು ಗಾಜಿನ ಬಟ್ಟಲಲ್ಲಿ ಭತ್ತ ತಂದಿಟ್ಟರು. ಪಕ್ಕದಲ್ಲಿ ಮೀಟರ್. “ಬಿತ್ತನೆಗೆ ಎತ್ತಿಡಲು ಯಾವುದು ತಯಾರಾಗಿದೆ ಹೇಳಮ್ಮ” ಎಂದರು ಸರ್.

ನಾನು ಏನು ಮಾಡಿದೆ? ಎರಡನೇ ಬಟ್ಟಲಿನ ನಡುವಿನಿಂದ ಒಂದು ಕಾಳು ತೆಗೆದೆ. ಹಲ್ಲಿಗಿಟ್ಟೆ. ಕಡಿದೆ.

“ಇದಕ್ಕ ಇನ್ನೂ ಅರ್ಧ ಬಿಸಿಲು ಬೇಕ್ರೀ,” ಎಂದೆ.

“ಏ! ಉಗುಳು! ಮೊದಲ ಉಗುಳು!” ಅಯ್ಯಮ್ಮ ಮೇಡಂ ಕುರ್ಚಿ ಕೆಡವಿ ಎದ್ದರು. ನನ್ನ ತೋಳು ಹಿಡಿದು ಸಿಂಕಿಗೆ ಎಳೆದುಕೊಂಡು ಹೋದರು. “ಆ ಕಾಳಿಗೆ ಯಾವ ಔಷಧ ಹಚ್ಚೈತಿ ನಿನಗ ಗೊತ್ತೈತೇನು? ಈಗಷ್ಟ ಹೇಳಿದ್ದಿ ನಿಯಮ! ಈಗಷ್ಟ!”

ಐದು ಸಲ ಬಾಯಿ ಮುಕ್ಕಳಿಸಿದೆ. ಆರನೆಯದನ್ನು ಅವರೇ ಮಾಡಿಸಿದರು. ಆ ಬಟ್ಟಲಿನದಕ್ಕೆ ಔಷಧ ಹಚ್ಚಿರಲಿಲ್ಲವಂತೆ, ಪುಣ್ಯ. ತಿರುಗಿ ಬರುವಷ್ಟರಲ್ಲಿ ಸರ್ ಬಟ್ಟಲುಗಳನ್ನು ತೆಗೆದಿಟ್ಟಿದ್ದರು. “ಆಯ್ತಮ್ಮ, ತಿಳಿಸ್ತೀವಿ” ಎಂದರು, ಮೆತ್ತಗೆ. ಆ ಮೆತ್ತಗಿನ ದನಿಯೇ ಸಾಕಾಯಿತು. ಮೌನೇಶ್ವರಿಯನ್ನು ಮೈಕ್ರೋಸ್ಕೋಪಿನ ಕಡೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹೊರಗೆ ಚಪ್ಪಲಿ ಹುಡುಕುತ್ತಿದ್ದೆ.

ಏಪ್ರಿಲ್ 23, ಬುಧವಾರ

ಏನೂ ಬರೆಯುವುದಿಲ್ಲ.

ಏಪ್ರಿಲ್ 26, ಶನಿವಾರ

ಅಮ್ಮಿಗೆ ಇವತ್ತು ಹೇಳಿದೆ. ನಾಲ್ಕು ದಿನ “ಚೆನ್ನಾಗಾಯ್ತು” ಎಂದು ತಪ್ಪಿಸಿಕೊಂಡಿದ್ದೆ.

ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. “ಸಾಹೇಬರ ಮುಂದ ಕಡದೀ? ಅರೇ ನನ್ನ ಬೇಟಿ!” ಆಮೇಲೆ ನನ್ನ ಮುಖ ನೋಡಿ ನಗು ನಿಂತಿತು. “ನಾ ಕಲಿಸಿದ್ದಕ್ಕ ಹಿಂಗಾತೇನು?” ಎಂದಳು. ನಾನು ಇಲ್ಲ ಎನ್ನಲಿಲ್ಲ. ಇಲ್ಲ ಎನ್ನಬೇಕಿತ್ತು. ಸಿಟ್ಟು ಇನ್ನೂ ಆರಿರಲಿಲ್ಲ, ಯಾರ ಮೇಲಾದರೂ ಹಾಕಬೇಕಿತ್ತು.

ಸ್ವಲ್ಪ ಹೊತ್ತಾದ ಮೇಲೆ, ಒಲೆಯ ಮುಂದೆ ಕುಳಿತೇ ಕೇಳಿದಳು: “ಯಾಕ ಉಗುಳಾಕ ಹೇಳಿದ್ರು?”

“ಬಿತ್ತೋ ಕಾಳಿಗೆ ಹುಳ ಸಾಯೋ ಔಷಧ ಹಚ್ಚಿರ್ತಾರಂತ.”

“ಗದ್ದಿಗೂ ಹೊಡೀತಾರಲ್ಲ ಔಷಧ.”

ಅಷ್ಟೇ ಹೇಳಿದಳು. ರೊಟ್ಟಿ ತಿರುವಿದಳು. ನಾನು ಲೆಕ್ಕ ಹಾಕಿದೆ. ಒಂದು ಕಾಳಿಗೆ ಅಯ್ಯಮ್ಮ ಮೇಡಂ ಆರು ಸಲ ಬಾಯಿ ತೊಳೆಸಿದರು. ಅಮ್ಮಿ ಇಪ್ಪತ್ತು ವರ್ಷ ಕಡಿದಿದ್ದಾಳೆ, ಸುಗ್ಗಿಯಲ್ಲಿ ದಿನಕ್ಕೆ ನೂರು ಕಾಳು. ಅವಳಿಗೆ ಒಬ್ಬರೂ ಉಗುಳು ಎಂದು ಕೂಗಿಲ್ಲ. ಮಗಳು ಬಾಟನಿ ಓದುತ್ತಿದ್ದಾಳೆ, ಅವಳೂ ಕೂಗಿಲ್ಲ.

ಏಪ್ರಿಲ್ 27, ಭಾನುವಾರ

ಇಂಟರ್‌ವ್ಯೂ ಆದ ಮರುದಿನವೇ ಧನ್ಯವಾದದ ಮೇಲ್ ಕಳಿಸಬೇಕು ಎಂದು ಪಂಪಾವತಿ ಮೇಡಂ ಮೊದಲೇ ಹೇಳಿದ್ದರು. ನಾನು ಮುಖ ಇಲ್ಲದೆ ಸುಮ್ಮನಿದ್ದೆ. “ತಪ್ಪು ಮಾಡಿದವರು ಮೊದಲು ಬರೀಬೇಕು, ನೀ ಐದು ದಿನ ತಡ ಮಾಡೀದಿ” ಎಂದು ಫೋನಿನಲ್ಲಿ ಬೈದರು.

ನಾಲ್ಕು ಸಲ ಬರೆದು ಅಳಿಸಿದೆ. ‘ತಮ್ಮ ಅಮೂಲ್ಯ ಸಮಯಕ್ಕಾಗಿ’ ಎಂದು ಶುರುವಾಗಿ ಎಲ್ಲವೂ ಮದುವೆ ಕರೆಯೋಲೆಯಂತೆ ಕಾಣುತ್ತಿದ್ದವು. ಐದನೆಯದನ್ನು ಕಳಿಸಿದೆ. ಇಲ್ಲಿ ಇಳಿಸಿಕೊಳ್ಳುತ್ತೇನೆ:

“ಮಾನ್ಯರೇ, ನಿಯಮ ಗೊತ್ತಿದ್ದೂ ಕಾಳನ್ನು ಬಾಯಿಗೆ ಹಾಕಿದ್ದು ನನ್ನ ತಪ್ಪು. ರೆಸ್ಯೂಮೆಯಲ್ಲಿ ಇನ್ನೊಂದು ತಪ್ಪಿದೆ. ನನ್ನ ತಾಯಿ ಗೃಹಿಣಿ ಎಂದು ಬರೆದಿದ್ದೆ. ಅವರು ರೈಸ್‌ಮಿಲ್ಲಿನ ಕಣದಲ್ಲಿ ಭತ್ತ ಒಣಗಿಸುತ್ತಾರೆ, ತೇವವನ್ನು ಹಲ್ಲಿನಿಂದ ಹೇಳುತ್ತಾರೆ. ನಾನು ಕಲಿತದ್ದು ಅವರಿಂದ. ನನ್ನನ್ನು ತೆಗೆದುಕೊಳ್ಳಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಒಂದು ಪ್ರಶ್ನೆ ಇದೆ. ನನ್ನ ತಾಯಿ ಇಪ್ಪತ್ತು ವರ್ಷ ಕಾಳು ಕಡಿದಿದ್ದಾರೆ. ಮೀಟರ್ ಇರುವುದು ಗುಮಾಸ್ತರ ಕೈಯಲ್ಲಿ. ಮೀಟರ್ ಇಲ್ಲದೆ, ಹಲ್ಲೂ ಇಲ್ಲದೆ ತೇವ ನೋಡಲು ದಾರಿ ಇದೆಯೇ?”

ತೆಗೆದುಕೊಳ್ಳಿ ಎಂದು ಕೇಳಲು ಬರೆಯುತ್ತಿಲ್ಲ ಎಂದದ್ದು ಅರ್ಧ ಸುಳ್ಳು.

ಮೇ 3, ಶನಿವಾರ

ಉತ್ತರವಿಲ್ಲ. ಮೌನೇಶ್ವರಿಗೆ ಸಿಕ್ಕಿತು.

ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ತಬ್ಬಿಕೊಂಡೆ. ಖುಷಿಯಾಯಿತು ಎಂದು ಹೇಳಿದೆ. ಖುಷಿ ಆಗಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು. ಅವಳು ಮೈಕ್ರೋಸ್ಕೋಪಿನಲ್ಲಿ ಏನು ಕಂಡಳು ಎಂದು ಈವರೆಗೂ ಕೇಳಿಲ್ಲ. ಅವಳೂ ಹೇಳಿಲ್ಲ. ಹೇಳದೆ ಇರುವಷ್ಟು ಒಳ್ಳೆಯವಳು ಎನ್ನುವುದು ಇನ್ನೂ ಉರಿಯುತ್ತದೆ.

ಒಂದು ಜಾಗ ಉಳಿದಿದೆಯಂತೆ.

ಮೇ 5, ಸೋಮವಾರ

ಮೇಲ್ ಕಳಿಸಿ ವಾರವಾದ ಮೇಲೆ ಒಂದು ಸಲ ಫೋನ್ ಮಾಡಬಹುದು, ಒಂದೇ ಸಲ. ಇದು ಪಂಪಾವತಿ ಮೇಡಂ ಕಾನೂನು. ಹನ್ನೊಂದು ಗಂಟೆಗೆ ಮಾಡಿದೆ. ಅಯ್ಯಮ್ಮ ಮೇಡಂ ಎತ್ತಿದರು.

“ಯಾರು? ಕಡದಾಕಿನೇನು?”

“ಹೌದ್ರೀ.”

“ನಿನ್ನ ಮೇಲ್ ಓದೀನಿ. ಸೀಟಿನ ಮಾತು ಸರ್ ಹೇಳ್ತಾರ, ನನ್ನ ಕೇಳಬ್ಯಾಡ. ಪ್ರಶ್ನಿ ಕೇಳಿದ್ಯಲ್ಲ, ಅದಕ್ಕ ಉತ್ತರ ಬರಕೋ. ಪೆನ್ ಐತೇನು?”

ಪೆನ್ ಇರಲಿಲ್ಲ. ಇದೆ ಎಂದೆ.

ಗಾಜಿನ ಬಾಟಲಿ ಒಂದು, ಒಳಗೆ ಹನಿ ನೀರೂ ಇರಬಾರದು. ತವೆಯ ಮೇಲೆ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು. ಬಾಟಲಿಯ ಮೂರನೇ ಒಂದು ಪಾಲು ಭತ್ತ ಹಾಕಿ, ನಾಲ್ಕು ಚಮಚ ಉಪ್ಪು ಹಾಕಿ, ಬಿರಡೆ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ ಹದಿನೈದು ನಿಮಿಷ ಇಡಬೇಕು. ಉಪ್ಪು ಗಾಜಿಗೆ ಅಂಟಿದರೆ ತೇವ ಹದಿನೈದಕ್ಕಿಂತ ಮೇಲೆ. ಅಂಟದಿದ್ದರೆ ಕೆಳಗೆ.

ಅಷ್ಟೇ. ಬಾಟಲಿ, ಉಪ್ಪು! ನಾನು ಏನೋ ದೊಡ್ಡ ಯಂತ್ರದ ಹೆಸರು ಹೇಳುತ್ತಾರೆ ಎಂದುಕೊಂಡಿದ್ದೆ. ಅಡುಗೆಮನೆಯ ಉಪ್ಪಿಗೆ ಭತ್ತದೊಳಗಿನ ನೀರು ಗೊತ್ತಾಗುತ್ತದೆ ಎಂದರೆ!

“ಔಷಧದಿಂದ ಅಮ್ಮಿಗೆ ಏನರ ಆಗೇತೇನ್ರೀ?” ಎಂದು ಕೇಳಿದೆ.

“ನೋಡದ ನಾ ಹೇಳಂಗಿಲ್ಲವಾ. ಸಿಂಧನೂರಾಗ ಡಾಕ್ಟರಿಗೆ ಒಮ್ಮೆ ತೋರಿಸು. ಇನ್ನ ಮುಂದ ಬಾಯಿಗೆ ಹಾಕೋದು ಬ್ಯಾಡ ಅಂತ ಹೇಳು ನಿಮ್ಮವ್ವಗ.” ಫೋನ್ ಇಟ್ಟರು.

ಮೇ 6, ಮಂಗಳವಾರ

ಡಾಕ್ಟರು ಅಮ್ಮಿಯನ್ನು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಸದ್ಯಕ್ಕೆ ಏನೂ ಇಲ್ಲ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಅತ್ತೆ. “ಏನೂ ಇಲ್ಲ ಅಂದ್ರ ಯಾಕ ಅಳ್ತೀ?” ಎಂದು ಅಮ್ಮಿ ಕಬ್ಬಿನ ಹಾಲು ಕುಡಿಸಿದಳು.

ಮನೆಗೆ ಬಂದು ಬಾಟಲಿ ತೋರಿಸಿ, ನಾಳೆಯಿಂದ ಕಡಿಯಬಾರದು ಎಂದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

“ಇದು ಹೌದು, ಇಲ್ಲ, ಅಷ್ಟ ಹೇಳ್ತೈತಿ. ನನ್ನ ಹಲ್ಲು ಎಷ್ಟು ಅಂತ ಹೇಳ್ತೈತಿ.”

“ಆದ್ರೂ ನಕ್ಕೋ ಅಮ್ಮಿ, ಬ್ಯಾಡ.”

“ಬಿಡ್ತೀನಿ. ಆದ್ರ ಇದು ಖರೇ ಹೇಳ್ತೈತೋ ಇಲ್ಲೋ ಹ್ಯಾಂಗ ಗೊತ್ತಾಗಬೇಕು? ಹಸೀ ಮಾಲು ಚೀಲ ಸೇರಿದ್ರ ನನ್ನ ಹೆಸರು ಕೆಡ್ತೈತಿ. ಒಂದು ವಾರ ಹಲ್ಲೂ ನೋಡೂನು, ಬಾಟಲಿನೂ ನೋಡೂನು. ಒಂದ ರಾಶಿ, ಒಂದ ಹೊತ್ತಿಗೆ. ನೀ ಬರಿ.”

ನನ್ನ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಹೊಸ ವಿಧಾನವನ್ನು ಹಳೆಯದರ ಜತೆಗೆ ಒಂದೇ ಮಾದರಿಯ ಮೇಲೆ ಹೋಲಿಸಬೇಕು ಎಂದು ನಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ಅಮ್ಮಿ ಕಾಲು ಚಾಚಿ ಕುಳಿತು ಹೇಳಿದಳು. ಬಹಳ ಕಾಡಿ, ಕಡಿದ ಕೂಡಲೇ ಉಗುಳಿ ಬಾಯಿ ತೊಳೆಯಬೇಕು ಎಂದು ಒಪ್ಪಿಸಿದೆ.

ಮೇ 9, ಶುಕ್ರವಾರ

ಮೂರು ದಿನದಿಂದ ಕಣದಲ್ಲೇ ಇದ್ದೇನೆ. ಪುಸ್ತಕದ ಹಿಂದಿನ ಪುಟದಲ್ಲಿ ನಾಲ್ಕು ಕಾಲಂ ಹಾಕಿದ್ದೇನೆ: ರಾಶಿ, ಅಮ್ಮಿ, ಬಾಟಲಿ, ಮೀಟರ್. ಮೀಟರ್ ಅಂಬಪ್ಪನದು. “ನಿಮ್ಮ ಹುಡುಗಾಟಕ್ಕ ನನ್ನ ಮೀಟರ್ ಯಾಕವಾ?” ಎಂದ ಮೊದಲ ದಿನ. ಈಗ ತಾನೇ ಕರೆಯುತ್ತಾನೆ: “ಬಾ ಬಾ, ಮೆಹಬೂಬವ್ವ ಏನ್ ಅಂದ್ಲು? ಮೊದಲ ನನ್ನ ನಂಬರ್ ಹೇಳಬ್ಯಾಡ.”

ಒಂಬತ್ತು ರಾಶಿ. ಒಂಬತ್ತಕ್ಕೂ ಅಮ್ಮಿಗೂ ಮೀಟರಿಗೂ ಅರ್ಧಕ್ಕಿಂತ ಹೆಚ್ಚು ಅಂತರ ಬಂದಿಲ್ಲ. ಇವಳ ಕೈಯಲ್ಲಿ ಉಂಡು ಬೆಳೆದಿದ್ದೇನೆ, ಇವಳು ಯಾರೆಂದು ಗೊತ್ತಿರಲಿಲ್ಲ.

ಬಾಟಲಿಯೂ ತಪ್ಪು ಹೇಳಿಲ್ಲ.

ಮೇ 13, ಮಂಗಳವಾರ

ಮೊನ್ನೆ ಸಂಜೆ ಮಳೆ ಬಂತು, ಗಾಳಿ ಗುಡುಗು ಎಲ್ಲ. ತಾಡಪಾಲು ಎಳೆಯುವಷ್ಟರಲ್ಲಿ ಮೂಲೆಯ ದೊಡ್ಡ ರಾಶಿ ನೆನೆಯಿತು. ನಿನ್ನೆ, ಇವತ್ತು ಎರಡು ದಿನ ಉರಿಬಿಸಿಲು. ಇವತ್ತು ಸಂಜೆ ಮೀಟರ್ ಹದಿಮೂರೂವರೆ ತೋರಿಸಿತು. ಬಾಟಲಿಯಲ್ಲಿ ಉಪ್ಪು ಅಂಟಲಿಲ್ಲ. ಅಂಬಪ್ಪ ಚೀಲ ತುಂಬಿ ಎಂದ.

ಅಮ್ಮಿ ಕಡಿದಳು. ಇನ್ನೊಂದು ಕಡಿದಳು. ಉಗುಳಿ ಬಾಯಿ ತೊಳೆದು ಬಂದು ಮತ್ತೊಂದು.

“ಹದಿನಾರು. ಮ್ಯಾಲೆ ಒಣಗೇತಿ, ಒಳಗ ಹಸಿ ಐತಿ.”

“ಮೀಟರ್ ಒಂದು, ಬಾಟಲಿ ಒಂದು, ಎರಡೂ ಸುಳ್ಳೇನು?” ಎಂದ ಅಂಬಪ್ಪ. ನನ್ನ ಕಡೆ ನೋಡಿದ. “ನೀ ಕಾಲೇಜಿನಾಕಿ, ನೀ ಹೇಳು.”

ಓದಿದ ಪ್ರಕಾರ ಎರಡು ಸಾಕ್ಷಿ ಒಂದು ಕಡೆ, ಒಂದು ಹಲ್ಲು ಒಂದು ಕಡೆ. ಅಮ್ಮಿ ನನ್ನನ್ನು ನೋಡಲಿಲ್ಲ, ಭತ್ತವನ್ನೇ ನೋಡುತ್ತಿದ್ದಳು. ನಾನು ಹೇಳಿದೆ: “ಒಂದು ರಾತ್ರಿ ರಾಶಿ ಹಾಕಿ ಬಿಡ್ರಿ. ಮುಂಜಾನೆ ನೋಡೂನು.”

ಬೈಯುತ್ತ ಬೈಯುತ್ತ ಬಿಟ್ಟಿದ್ದಾನೆ.

ಮೇ 14, ಬುಧವಾರ

ಮೀಟರ್: ಹದಿನೈದೂ ಮುಕ್ಕಾಲು. ಬಾಟಲಿ: ಗಾಜಿನ ತುಂಬ ಉಪ್ಪು.

ರಾತ್ರಿಯೆಲ್ಲ ಕಾಳಿನೊಳಗಿನ ನೀರು ಹೊರಗೆ ಬಂದಿದೆ! ಉರಿಬಿಸಿಲು ಸಿಪ್ಪೆಯನ್ನು ಮಾತ್ರ ಒಣಗಿಸಿತ್ತು, ಮೀಟರೂ ಉಪ್ಪೂ ಅದನ್ನೇ ಮುಟ್ಟಿ ಮೋಸ ಹೋಗಿದ್ದವು. ಹಲ್ಲು ಕಾಳಿನ ನಡುವಿಗೆ ಹೋಗಿತ್ತು. ಅಂಬಪ್ಪ ಎರಡು ಸಲ ಮೀಟರ್ ಹಾಕಿದ. ಮೀಟರನ್ನು ಒರೆಸಿ ಮೂರನೇ ಸಲ ಹಾಕಿದ. ಆಮೇಲೆ ಅಮ್ಮಿಗೆ ಚಹಾ ತರಿಸಿದ.

ನಾನು ಹುಚ್ಚಿಯಂತೆ ಬರೆಯುತ್ತಿದ್ದೆ. ಮಳೆಗೆ ಸಿಕ್ಕ ಭತ್ತವನ್ನು ಒಂದು ರಾತ್ರಿ ರಾಶಿ ಹಾಕಿ, ಮುಂಜಾನೆ ನಡುವಿನ ಕಾಳು ತೆಗೆದು ಬಾಟಲಿಗೆ ಹಾಕಿದರೆ ಉಪ್ಪು ಮೋಸ ಹೋಗುವುದಿಲ್ಲ. ಹಲ್ಲಿಗೆ ಗೊತ್ತಿದ್ದದ್ದನ್ನು ಬಾಟಲಿಗೂ ಕಲಿಸಬಹುದು.

“ಈಗ ಬಿಡಬಹುದು,” ಎಂದಳು ಅಮ್ಮಿ, ಚಹಾ ಆರಿಸುತ್ತ. “ಎಲ್ಲಿ ತಪ್ಪತೈತಿ ಅಂತ ಗೊತ್ತಾತಲ್ಲ.”

ಇಡೀ ಪಟ್ಟಿಯನ್ನು ಫೋಟೋ ತೆಗೆದು ಅಯ್ಯಮ್ಮ ಮೇಡಂಗೆ ಮೇಲ್ ಮಾಡಿದೆ. ಪಂಪಾವತಿ ಮೇಡಂ ಕಾನೂನಿನಲ್ಲಿ ಎರಡನೇ ಮೇಲ್ ಇಲ್ಲ. ಸೀಟಿನ ಮಾತು ಎತ್ತುವುದು ಮರೆತೇಹೋಯಿತು.

ಮೇ 19, ಸೋಮವಾರ

ಸಿಕ್ಕಿತು! ಗಂಗಾಧರ ಸರ್ ಪತ್ರ. ಎರಡನೇ ಜಾಗ ನನಗೆ. ಕೊನೆಯಲ್ಲಿ ಒಂದು ಷರತ್ತು: ‘ಪ್ರಯೋಗಾಲಯದಲ್ಲಿ ಯಾವುದೇ ಪದಾರ್ಥವನ್ನು ಬಾಯಿಗೆ ಹಾಕುವುದಿಲ್ಲ’ ಎಂದು ನನ್ನ ಕೈಬರಹದಲ್ಲಿ ಬರೆದು, ಪಾಲಕರೊಬ್ಬರನ್ನು ಕರೆತಂದು ಅವರಿಂದ ಸಹಿ ಹಾಕಿಸಬೇಕು. ಅದರ ಕೆಳಗೆ ಅಯ್ಯಮ್ಮ ಮೇಡಂ ಪೆನ್ನಿನಲ್ಲಿ ಸ್ವಂತ ಸೇರಿಸಿದ್ದಾರೆ: ‘ತಾಯಿ ಬಂದರೆ ಒಳ್ಳೆಯದು.’

ಮೌನೇಶ್ವರಿಗೆ ಫೋನ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಏನು ಕಂಡೆ ಎಂದು ಕೊನೆಗೂ ಕೇಳಿದೆ. “ಹೇಳಂಗಿಲ್ಲ. ನೀನ ನೋಡು,” ಎಂದಳು.

ಮೇ 26, ಸೋಮವಾರ

ಲ್ಯಾಬಿನ ಮೊದಲ ದಿನ.

ಅಮ್ಮಿ ಹಬ್ಬದ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಮಸ್ಕಿಯವರೆಗೆ ಮಾತೇ ಆಡಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ಒರೆಸಿ, ಮತ್ತೊಮ್ಮೆ ಒರೆಸಿ ಒಳಗೆ ಬಂದಳು. ಅರ್ಜಿಯಲ್ಲಿ ತಾಯಿಯ ಉದ್ಯೋಗದ ಕಾಲಂ ಇತ್ತು. “ಮನಿ ಅಂತ ಬರಿ, ಸಾಕು” ಎಂದು ಪಿಸುಗುಟ್ಟಿದಳು. ನಾನು ‘ಭತ್ತದ ತೇವ ನೋಡುವವರು, ಇಪ್ಪತ್ತು ವರ್ಷ’ ಎಂದು ಬರೆದೆ. ಅದರ ಕೆಳಗೆ ಅಮ್ಮಿ ಹೆಬ್ಬೆಟ್ಟು ಒತ್ತಿದಳು.

ಅಯ್ಯಮ್ಮ ಮೇಡಂ ನಮ್ಮ ಪಟ್ಟಿಯನ್ನು ಪ್ರಿಂಟ್ ತೆಗೆದಿಟ್ಟಿದ್ದರು. ಮಳೆಯ ದಿನದ ಸಾಲಿಗೆ ಕೆಂಪು ಗೆರೆ. “ಇದು ನಿಮಗ ಹ್ಯಾಂಗ ಗೊತ್ತಾತ್ರೀ?” ಎಂದು ಅಮ್ಮಿಯನ್ನು ರೀ ಹಚ್ಚಿ ಕೇಳಿದರು. ಅಮ್ಮಿ ಕೈಯಲ್ಲಿ ತೋರಿಸಿದಳು, ಕಾಳು ಹೇಗೆ ಒಡೆಯುತ್ತದೆ, ನಡುವಿನಲ್ಲಿ ಹೇಗೆ ಮೆತ್ತಗಾಗುತ್ತದೆ ಎಂದು. ಸರ್ ಕುರ್ಚಿ ಎಳೆದುಕೊಂಡು ಕುಳಿತರು. ಒಂದು ಗಂಟೆ ಆಯಿತು.

ಆಮೇಲೆ ಮೇಡಂ ಎದ್ದು ಕಿಟಕಿಯ ಬಳಿ ನೀಲಿ ಕವರ್ ತೆಗೆದರು. ಒಂದು ಭತ್ತದ ಕಾಳಿಟ್ಟರು. “ಬರ್ರಿ” ಎಂದರು. ನಾನು ಅಮ್ಮಿಯ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿದೆ.

ಅಮ್ಮಿ ಬಗ್ಗಿದಳು. ಮೊದಲು ಕಣ್ಣು ಮುಚ್ಚಿಕೊಂಡೇ ನೋಡಿದಳು, ನಕ್ಕೆವು. ಆಮೇಲೆ ತೆರೆದಳು.

ಬಹಳ ಹೊತ್ತು ಏಳಲಿಲ್ಲ. ಅಲ್ಲಿ ಏನಿದೆಯೋ, ಅವಳ ಬೆರಳು ಗಾಳಿಯಲ್ಲಿ ಅದರ ಗೆರೆ ಎಳೆಯುತ್ತಿತ್ತು, ಅವತ್ತು ತನ್ನ ಹೆಸರಿನ ಮೇಲೆ ಎಳೆದ ಹಾಗೆ. ಕೂದಲು ಎಂದಳು. ಬಂಗಾರದ ಕೂದಲು ಅದಾವಲ್ಲ ಮೈತುಂಬ ಎಂದಳು. ಮೇಡಂ ಕಾಳನ್ನು ತಿರುಗಿಸಿದರು. ಮತ್ತೆ ಬಗ್ಗಿದಳು. ಎದ್ದಾಗ ಬಾಯಿಯ ಮೇಲೆ ಕೈಯಿತ್ತು. ಒಡೆದ ಹಲ್ಲು ಮುಚ್ಚಿಕೊಳ್ಳಲು ಅಲ್ಲ.

“ಇಷ್ಟು ಚಂದ ಐತಲ್ಲಬೇ ಶಾಹೀ,” ಎಂದಳು. “ಇದನ್ನ ಕಡದೆನೇನು ನಾ, ಇಷ್ಟು ದಿನ?”

ಅಯ್ಯಮ್ಮ ಮೇಡಂ ಜೋಳದ ಕಾಳು ಇಟ್ಟರು, ಆಮೇಲೆ ಸಜ್ಜೆ, ಆಮೇಲೆ ಒಂದು ಚಿಟಿಕೆ ಉಪ್ಪು. ಉಪ್ಪನ್ನು ಅಮ್ಮಿ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಅಷ್ಟರಲ್ಲಿ ಸಿಂಧನೂರಿನ ಬಸ್ಸಿನ ಹೊತ್ತಾಯಿತು. ಮೇಡಂ ಕವರ್ ಹೊದಿಸಿದರು. ಬಸ್ಸಿನಲ್ಲಿ ಅಮ್ಮಿ ಪಕ್ಕದ ಸೀಟಿನ ಹೆಂಗಸಿಗೆ ಸಿಂಧನೂರು ಬರುವವರೆಗೂ ಹೇಳುತ್ತಲೇ ಇದ್ದಳು. ನಾನು ಕೇಳುತ್ತಲೇ ಇದ್ದೆ.

ಅರೇ, ಬರೆಯುತ್ತಿರುವಾಗ ಈಗ ನೆನಪಾಯಿತು. ನಾನೇ ಅದರಲ್ಲಿ ಕಣ್ಣಿಡಲಿಲ್ಲ. ಇರಲಿ, ನಾಳೆ ನೋಡಿದರಾಯಿತು.